ಮನೆಯಲ್ಲಿದ್ದುಕೊಂಡೇ ದೇವರನ್ನು ಆರಿಸಿಕೊಂಡ ಸಂತ ದೇವಸಹಾಯಂ

ಸಂತರಾಗಬೇಕಾದರೆ ಮಠ ಸೇರಬೇಕು, ನಿಲುವಂಗಿ ತೊಡಬೇಕು, ಸಂಸಾರಸ್ಥರಿಗೆ ಅದು ಕೈಗೆಟುಕದ ಮಾತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹೊಲಗದ್ದೆ, ದನಕರು, ಸಂಘದ ಸಾಲ, ಮಕ್ಕಳ ಶಾಲೆಯ ಖರ್ಚು ಇವುಗಳ ನಡುವೆ ದೇವಸೇವೆಗೆ ಬಿಡುವೆಲ್ಲಿ ಎಂದು ಕೇಳುವವರೂ ಉಂಟು. ಆದರೆ ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಮೊಟ್ಟಮೊದಲು ಸಂತ ಪದವಿಗೇರಿದವರು ಒಬ್ಬ ಗೃಹಸ್ಥರು. ಹೆಂಡತಿ, ಮನೆ, ದನಕರು, ಅರಮನೆಯ ಉದ್ಯೋಗ ಎಲ್ಲವೂ ಇದ್ದವರು. ನಮ್ಮ ಚಾಮರಾಜನಗರ ಜಿಲ್ಲೆಗೆ ಗಡಿಯಾಗಿರುವ ತಮಿಳುನಾಡಿನ ದಕ್ಷಿಣ ತುದಿಯವರು. ಅವರೇ ಸಂತ ದೇವಸಹಾಯಂ.

1712ರ ಏಪ್ರಿಲ್ 23ರಂದು, ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಎಂಬ ಊರಿನಲ್ಲಿ, ಅನುಕೂಲಸ್ಥ ನಾಯರ್ ಮನೆತನದಲ್ಲಿ ಅವರು ಹುಟ್ಟಿದರು. ತಂದೆತಾಯಿಗಳು ಇಟ್ಟ ಹೆಸರು ನೀಲಕಂಠ. ಸಂಸ್ಕೃತ, ತಮಿಳು, ಮಲಯಾಳಂ ಭಾಷೆಗಳನ್ನೂ ಶಸ್ತ್ರವಿದ್ಯೆಯನ್ನೂ ಕಲಿತು, ತಿರುವಾಂಕೂರಿನ ಮಹಾರಾಜ ಮಾರ್ತಾಂಡ ವರ್ಮರ ಸೇವೆಗೆ ಸೇರಿದರು. ಪದ್ಮನಾಭಪುರದ ಅರಮನೆಯಲ್ಲಿ ಒಳ್ಳೆಯ ಹೆಸರು ಗಳಿಸಿದರು. ಭಾರ್ಗವಿ ಅಮ್ಮಾಳ್ ಎಂಬವರನ್ನು ಮದುವೆಯಾಗಿ ಸಂಸಾರ ಹೂಡಿದರು.

ಇಷ್ಟರಲ್ಲಿ ಮನೆಗೆ ಕಷ್ಟ ಬಂತು. ಕೊಟ್ಟಿಗೆಯ ದನಕರುಗಳು ಸತ್ತವು, ಬೆಳೆ ಹಾಳಾಯಿತು, ಕೈಯಲ್ಲಿದ್ದ ಹಣ ಕರಗಿತು. ಬೇಸಾಯದ ಮನೆಗೆ ಇದೆಂಥ ಪೆಟ್ಟು ಎಂಬುದನ್ನು ನಮ್ಮ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಅವರ ನೆರವಿಗೆ ಬಂದವರು ಡಿ ಲನಾಯ್ ಎಂಬ ಸೇನಾಧಿಕಾರಿ. 1741ರ ಕೊಳಚ್ಚಲ್ ಯುದ್ಧದಲ್ಲಿ ಸೆರೆಸಿಕ್ಕ ಡಚ್ ಪಡೆಯವರಾದ ಇವರು, ಮುಂದೆ ಮಹಾರಾಜರ ಸೈನ್ಯವನ್ನೇ ತರಬೇತುಗೊಳಿಸಿದವರು, ಕಥೋಲಿಕ ಕ್ರೈಸ್ತರು. ಸ್ನೇಹಿತನ ಬಾಡಿದ ಮುಖ ಕಂಡು ಅವರು ಪವಿತ್ರ ಗ್ರಂಥದ ಯೋಬನ ಕಥೆಯನ್ನು ಹೇಳಿದರು. ದನಕರು, ಆಸ್ತಿ, ಮಕ್ಕಳನ್ನೆಲ್ಲ ಕಳೆದುಕೊಂಡರೂ ದೇವರನ್ನು ಬಿಡದ ಆ ಭಕ್ತನ ಕಥೆ ನೀಲಕಂಠರ ಎದೆಗೆ ನಾಟಿತು. ಕಷ್ಟವೆಂದರೆ ದೇವರು ಮುನಿದಿದ್ದಾನೆ ಎಂದಲ್ಲ, ಕಷ್ಟದಲ್ಲಿಯೂ ದೇವರು ಜೊತೆಗಿರುತ್ತಾನೆ ಎಂಬ ಅರಿವು ಅವರನ್ನು ಯೇಸುಸ್ವಾಮಿಯ ಬಳಿಗೆ ನಡೆಸಿತು.

1745ರ ಮೇ 14ರಂದು ವಡಕ್ಕನ್‌ಕುಳಂ ದೇವಾಲಯದಲ್ಲಿ ಯೇಸುಸಭೆಯ ಗುರು ಬುತ್ತಾರಿಯವರಿಂದ ಅವರು ದೀಕ್ಷಾಸ್ನಾನ ಪಡೆದರು. ಲಾಜರ ಎಂಬ ಹೆಸರಿನ ತಮಿಳು ರೂಪವಾದ ದೇವಸಹಾಯಂ ಎಂಬುದೇ ಅವರ ಹೊಸ ಹೆಸರಾಯಿತು. ಬಂಧುಬಳಗ ದೂರವಾದೀತೆಂಬ ಅಳುಕು ಯಾವ ಹೆಣ್ಣುಮಗಳಿಗೂ ಸಹಜ. ಹಾಗಿದ್ದರೂ ಪತ್ನಿಯೂ ಅದೇ ವಿಶ್ವಾಸವನ್ನು ಸ್ವೀಕರಿಸಿ ಜ್ಞಾನಪ್ಪೂ ಎಂಬ ಹೆಸರು ಪಡೆದರು. ತೆರೇಸಾ ಎಂಬುದರ ತಮಿಳು ರೂಪವದು. ತಾನೂ ತನ್ನ ಮನೆಯವರೂ ಸರ್ವೇಶ್ವರನನ್ನೇ ಸೇವಿಸುವೆವೆಂದು ಯೆಹೋಶುವನು ಜನರ ಮುಂದೆ ಸಾರಿದ್ದನಲ್ಲವೆ? ಆ ನಿರ್ಧಾರ ಈ ದಂಪತಿಗಳ ಮನೆಯಲ್ಲಿಯೂ ನೆಲೆಸಿತು.

ಈ ಆಯ್ಕೆ ಪ್ರಾರ್ಥನೆಯ ಹೊತ್ತಿಗೆ ಮಾತ್ರ ಮೀಸಲಾಗಲಿಲ್ಲ, ಊಟದ ಪಂಕ್ತಿಗೂ ಬಂತು. ಮೇಲು ಕೀಳೆಂಬ ಕಟ್ಟುಪಾಡು ಬಿಗಿಯಾಗಿದ್ದ ಆ ಕಾಲದಲ್ಲಿ ದೇವಸಹಾಯಂ ಎಲ್ಲ ಜಾತಿಯವರೊಡನೆ ಬೆರೆತರು, ಒಟ್ಟಿಗೆ ಕುಳಿತು ಉಂಡರು, ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರಿದರು. ಇದನ್ನು ಸಹಿಸದವರ ದ್ವೇಷ ಬೆಳೆಯಿತು. ರಾಜದ್ರೋಹದ ಆಪಾದನೆ ಹೊರಿಸಿ 1749ರಲ್ಲಿ ಅವರನ್ನು ಬಂಧಿಸಲಾಯಿತು. ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರೆಸಿದರು, ಹೊಡೆದರು, ಗಾಯಗಳಿಗೆ ಮೆಣಸಿನ ಪುಡಿ ಹಚ್ಚಿದರು. ಮೂರು ವರ್ಷ ಹೀಗೆ ನಡೆಯಿತು. ವಿಶ್ವಾಸ ತೊರೆದಿದ್ದರೆ ಉದ್ಯೋಗವೂ ಮನೆಯೂ ಮತ್ತೆ ಅವರದಾಗುತ್ತಿತ್ತು, ಅವರು ತೊರೆಯಲಿಲ್ಲ. 1752ರ ಜನವರಿ 14ರಂದು ಆರಲ್ವಾಯ್‌ಮೊಳಿ ಬಳಿಯ ಕಾಟ್ಟಾಡಿಮಲೆಯಲ್ಲಿ ಗುಂಡಿಕ್ಕಿ ಅವರನ್ನು ಕೊಲ್ಲಲಾಯಿತು. ಅವರ ಪಾರ್ಥಿವ ಶರೀರ ಕೋಟ್ಟಾರಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿದೆ.

2012ರ ಡಿಸೆಂಬರ್ 2ರಂದು ಧನ್ಯರೆಂದೂ, 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸರಿಂದ ಸಂತರೆಂದೂ ಅವರು ಘೋಷಿತರಾದರು. ಅದಕ್ಕೆ ಮೊದಲೇ, ಅವರ ಹೆಸರಿನ ಕೊನೆಗಿದ್ದ ಪಿಳ್ಳೆ ಎಂಬ ಜಾತಿಸೂಚಕ ಪದವನ್ನು ಧರ್ಮಸಭೆ ಕೈಬಿಟ್ಟಿತು. ಬದುಕಿದ್ದಾಗಲೇ ಅವರು ಕಳಚಿಟ್ಟಿದ್ದ ಭಾರ ಅದು.

ಪ್ರಿಯ ವಿಶ್ವಾಸಿಗಳೇ, ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ನಾವು ಸ್ವಲ್ಪವೇ ಮಂದಿ. ನೆರೆಹೊರೆಯ ಅನ್ಯಧರ್ಮದ ಬಂಧುಗಳೊಡನೆ ಹೊಂದಿಕೊಂಡು ಬಾಳುವವರು. ನಮಗೆ ಯಾರೂ ಗುಂಡಿಡಲಾರರು. ಆದರೆ ಆಯ್ಕೆಯ ಗಳಿಗೆ ನಮಗೂ ಬರುತ್ತದೆ. ಅರಿಶಿನಕ್ಕೆ ಬೆಲೆ ಬಿದ್ದಾಗ, ಬಂಡೀಪುರದ ಕಾಡಿನಿಂದ ಬಂದ ಆನೆ ಫಸಲು ತುಳಿದಾಗ, ದೇವರನ್ನು ದೂರುತ್ತೇವೋ ಯೋಬನಂತೆ ಹಿಡಿದುಕೊಳ್ಳುತ್ತೇವೋ? ಸಂಜೆ ಟಿ.ವಿ. ಆರಿಸಿ ಗಂಡಹೆಂಡಿರು ಮಕ್ಕಳೊಡನೆ ಜಪಸರ ಹಿಡಿಯುತ್ತೇವೋ? ಭಾನುವಾರ ಒಂದೇ ಪೀಠದ ಮುಂದೆ ಒಂದೇ ರೊಟ್ಟಿಯನ್ನು ಸ್ವೀಕರಿಸಿ, ಸೋಮವಾರ ಮಗಳ ಸಂಬಂಧ ನೋಡುವಾಗ ಮೊದಲು ಜಾತಿ ಕೇಳುತ್ತೇವೋ? ಕೂಲಿಗೆ ಬಂದವರಿಗೆ ಬೇರೆ ಲೋಟ, ಬೇರೆ ತಟ್ಟೆ ಇಡುತ್ತೇವೋ? ಇಂಥ ಮನೆಯಲ್ಲಿ ಎಷ್ಟು ಪ್ರಾರ್ಥನೆ ನಡೆದರೂ ಆಯ್ಕೆ ಇನ್ನೂ ಬಾಕಿಯೇ ಇದೆ ಎನ್ನಬೇಕಾಗುತ್ತದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ, ಜನವರಿ 14ರಂದು, ಈ ಸಂತರ ಹಬ್ಬ ಬರುತ್ತದೆ. ಆ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಅವರ ಕಥೆಯನ್ನು ಮಕ್ಕಳಿಗೆ ಹೇಳೋಣ. ಜೊತೆಗೆ ಇದುವರೆಗೆ ನಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳದ ಒಬ್ಬರನ್ನಾದರೂ ಊಟಕ್ಕೆ ಕರೆಯೋಣ. ಸಂತ ದೇವಸಹಾಯಂ ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.