ಟೀಚರಾಗಿದ್ದ ಡಾಕ್ಟರ್

ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಹತ್ತನೇ ತರಗತಿಗೆ ಮಾನವನ ಕಣ್ಣಿನ ಪಾಠ ನನ್ನ ಪಾಲಿಗೆ ಬಂತು. ಪೀಠಿಕೆಯಾಗಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಜೀವನ ಹೇಳಿದೆ. ಅಮೆರಿಕದಲ್ಲಿ ವೈದ್ಯಪದವಿ ಪಡೆದ ಮೊದಲ ಮಹಿಳೆ ಎಂದಾಗ ಮಕ್ಕಳು ಸುಮ್ಮನೆ ಬರೆದುಕೊಂಡರು. ಅದಕ್ಕೂ ಮುಂಚೆ ಆಕೆ ಟೀಚರಾಗಿದ್ದರು ಎಂದಾಗ ತಲೆ ಎತ್ತಿದರು.

ಬ್ಲ್ಯಾಕ್‌ವೆಲ್ 1821ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದರು. 1832ರಲ್ಲಿ ಕುಟುಂಬ ಅಮೆರಿಕಕ್ಕೆ ಹೋಯಿತು. 1838ರಲ್ಲಿ ತಂದೆ ತೀರಿಕೊಂಡರು. ಹೊಟ್ಟೆಪಾಡಿಗಾಗಿ ಮನೆಯ ಹೆಂಗಸರೆಲ್ಲ ಸೇರಿ ಶಾಲೆ ತೆರೆದರು. ಪಾಠ ಹೇಳುವುದು ಆಕೆಗೆ ಇಷ್ಟದ ಕೆಲಸವಾಗಿರಲಿಲ್ಲ. ವೈದ್ಯಕೀಯವಂತೂ ದೂರದ ಮಾತು. ಓದುವಾಗ ತರಗತಿಯಲ್ಲಿ ತೋರಿಸಿದ ಎತ್ತಿನ ಕಣ್ಣು ಕಂಡೇ ಹೇಸಿದ್ದರು. ಸಾಯುತ್ತಿದ್ದ ಗೆಳತಿಯೊಬ್ಬಳು, ಹೆಂಗಸೇ ವೈದ್ಯೆಯಾಗಿದ್ದರೆ ತನ್ನ ಸಂಕಟ ಕಡಿಮೆಯಾಗುತ್ತಿತ್ತು ಎಂದದ್ದು ಮನಸ್ಸು ತಿರುಗಿಸಿತು.

ಓದಿಗೆ ದುಡ್ಡು ಬೇಕಲ್ಲ? 1845ರಲ್ಲಿ ಆಶ್‌ವಿಲ್‌ಗೆ ಪಾಠ ಹೇಳಲು ಹೋದರು. ಆಶ್ರಯ ಕೊಟ್ಟ ಪಾದ್ರಿ ಜಾನ್ ಡಿಕ್ಸನ್ ಹಿಂದೆ ವೈದ್ಯರಾಗಿದ್ದವರು. ಅವರ ವೈದ್ಯಪುಸ್ತಕಗಳೆಲ್ಲ ಕೈಗೆ ಸಿಕ್ಕವು. 1847ರಲ್ಲಿ ಕಾಲೇಜಿನ ಮೇಲೆ ಕಾಲೇಜು ಬಾಗಿಲು ಹಾಕಿತು. ನ್ಯೂಯಾರ್ಕ್ ರಾಜ್ಯದ ಜಿನೀವಾ ಕಾಲೇಜು ಮಾತ್ರ ನಿರ್ಧಾರವನ್ನು ಹುಡುಗರಿಗೆ ಬಿಟ್ಟಿತು. ಅವರು ತಮಾಷೆಯೆಂದುಕೊಂಡು ಒಪ್ಪಿದರು. ಗದ್ದಲಕ್ಕೆ ಹೆಸರಾಗಿದ್ದ ಆ ತರಗತಿ ಆಕೆ ಬಂದು ಕೂತ ಮೇಲೆ ತಣ್ಣಗಾಯಿತು. ಪ್ರಜನನಾಂಗಗಳ ಪಾಠಕ್ಕೆ ಬರಬೇಡಿ ಎಂದ ಪ್ರಾಧ್ಯಾಪಕರಿಗೆ ಪತ್ರ ಬರೆದು, ಒಳಗೇ ಕೂತರು. ಈ ಗಟ್ಟಿತನ ಮೇಷ್ಟ್ರಿಕೆಯಿಂದ ಬಂದದ್ದೆಂದು ನನ್ನ ಊಹೆ. ರೋಗಿಯ ಮುಂದೆ ನಿಲ್ಲುವುದನ್ನು ಮಾತ್ರ ಯಾವ ಶಾಲೆಯೂ ಕಲಿಸಿರಲಿಲ್ಲ. ಅದನ್ನು 1848ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಬಡವರ ಆಸ್ಪತ್ರೆಯಲ್ಲಿ, ಟೈಫಸ್ ಜ್ವರದವರ ನಡುವೆ ಕಲಿತರು. 1849ರ ಜನವರಿ 23ರಂದು ತರಗತಿಗೇ ಮೊದಲಿಗರಾಗಿ ಪದವಿ ಪಡೆದರು.

ಅದೇ ನವೆಂಬರಿನಲ್ಲಿ, ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ, ಸೋಂಕಿದ್ದ ಕೂಸಿನ ಕಣ್ಣು ತೊಳೆಯುವಾಗ ನೀರು ಸಿಡಿಯಿತು. ಆಕೆಯ ಒಂದು ಕಣ್ಣು ಹೋಯಿತು, ಶಸ್ತ್ರವೈದ್ಯೆಯಾಗುವ ಆಸೆಯೂ ಹೋಯಿತು. 1857ರಲ್ಲಿ ನ್ಯೂಯಾರ್ಕಿನಲ್ಲಿ ಬಡ ಹೆಂಗಸರು, ಮಕ್ಕಳಿಗಾಗಿ ಆಸ್ಪತ್ರೆ, 1868ರಲ್ಲಿ ಅಲ್ಲೇ ಮಹಿಳಾ ವೈದ್ಯಕೀಯ ಕಾಲೇಜು ಕಟ್ಟಿದರು. ಅಲ್ಲಿ ಆರೋಗ್ಯಶಾಸ್ತ್ರ ಕಲಿಸಿದರು. ಮತ್ತೆ ಟೀಚರ್! 1910ರಲ್ಲಿ ತೀರಿಕೊಂಡರು.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಕ್ಕ ಪಿಯುಸಿ ಮುಗಿಸಿ ಹೊನ್ನಾಳಿಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದು, ಎರಡನೇ ಸಲ ನೀಟ್ ಬರೆಯುತ್ತಾಳಂತೆ. ಅಂಗಡಿಯಲ್ಲಿ ಕಳೆದ ವರ್ಷ ದಂಡವೇ ಎಂದು ಕೇಳಿದಳು. ಓದಲು ಹೊತ್ತು ಸಿಗುತ್ತದೆಯೇ ಎಂದು ನಾನು ತಿರುಗಿ ಕೇಳಿದೆ. ಅಂಗಡಿ ಮುಚ್ಚುವುದೇ ರಾತ್ರಿ ಒಂಬತ್ತಕ್ಕೆ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಗಂಟೆ ಹೊಡೆದಾಗ ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಅರ್ಧಕ್ಕೇ ನಿಂತಿತ್ತು. ಪೀಠಿಕೆ ಉದ್ದವಾಯಿತೆಂದು ವೀಕ್ಷಕರು ಬರೆದರು. ಅದು ನಿಜವೇ.