ಘರ್ಷಣೆಯ ಬೆನ್ನು ಹತ್ತಿದ ಸೈನ್ಯದ ಎಂಜಿನಿಯರ್

ಪಿಯುಸಿಯಲ್ಲಿ ನನಗೆ ಕೂಲಂಬ್ ಎಂದರೆ ಒಂದು ಸೂತ್ರ, ಅಷ್ಟೇ. ಎರಡು ವಿದ್ಯುದಾವೇಶ, ನಡುವಿನ ದೂರದ ವರ್ಗ, ಖಚಿತವಾಗಿ ಸಿಗುವ ಅಂಕ. ಕಳೆದ ವರ್ಷ ಒಂದು ಸಂದರ್ಶನದಲ್ಲಿ, ಚಿಪ್ ತಯಾರಿಸುವ ಯಂತ್ರದಲ್ಲಿ ಸಿಲಿಕಾನ್ ಬಿಲ್ಲೆ ಹೊತ್ತು ಸರಿಯುವ ಸ್ಟೇಜನ್ನು ಕಾಂತಬಲದಿಂದ ತೇಲಿಸುವುದು ಯಾಕೆ ಎಂದು ಕೇಳಿದರು. ಘರ್ಷಣೆ ಕಡಿಮೆಯಾಗಲಿ ಅಂತ, ಎಂದೆ. ಎಣ್ಣೆ ಹಾಕಿದರೆ ಸಾಲದೇ ಎಂದರು. ಬಾಯಿ ಕಟ್ಟಿತು. ಕೆಲಸ ಸಿಗಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಎದುರಾದದ್ದು ಮತ್ತದೇ ಕೂಲಂಬ್!

ಚಾರ್ಲ್ಸ್ ಆಗಸ್ಟಿನ್ ಕೂಲಂಬ್ ಹುಟ್ಟಿದ್ದು 1736ರಲ್ಲಿ, ಫ್ರಾನ್ಸಿನಲ್ಲಿ. ಓದಿದ್ದು ಸೈನ್ಯದ ಎಂಜಿನಿಯರಿಂಗ್. 1764ರಲ್ಲಿ ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪಕ್ಕೆ ಕೋಟೆ ಕಟ್ಟಲು ಹೋದವನು ಎಂಟು ವರ್ಷ ಅಲ್ಲೇ ಸವೆದ. 1772ರಲ್ಲಿ ಮರಳಿದಾಗ ಆರೋಗ್ಯ ಕೆಟ್ಟಿತ್ತು, ಮತ್ತೆ ಪೂರ್ತಿ ಸುಧಾರಿಸಲೇ ಇಲ್ಲ.

ಆಗ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಉತ್ತಮ ದಿಕ್ಸೂಚಿಗಾಗಿ ಸ್ಪರ್ಧೆ ಇಟ್ಟಿತ್ತು. ಮೊಳೆಯ ತುದಿಯಲ್ಲಿ ಕೂತ ಸೂಜಿ ಘರ್ಷಣೆಯಿಂದಾಗಿ ಸರಿಯಾದ ದಿಕ್ಕಿಗೆ ಸ್ವಲ್ಪ ಮೊದಲೇ ನಿಂತುಬಿಡುತ್ತದೆ. ಕೂಲಂಬ್ ಮೊಳೆಯನ್ನೇ ತೆಗೆದು, ಸೂಜಿಯನ್ನು ರೇಷ್ಮೆ ದಾರಕ್ಕೆ ನೇತುಹಾಕಿದ. 1777ರಲ್ಲಿ ಬಹುಮಾನದ ಪಾಲು ಸಿಕ್ಕಿತು. ದಾರ ತಿರುಚಿಕೊಂಡಾಗ ಎಷ್ಟು ಬಲ ಹಾಕುತ್ತದೆ ಎಂದು ಅಳೆಯುತ್ತಾ ಹೋದವನು, ತಂತಿಯ ತಿರುಚುವಿಕೆಯಿಂದಲೇ ಅತಿ ಸಣ್ಣ ಬಲಗಳನ್ನು ತೂಗುವ ತಕ್ಕಡಿ ಮಾಡಿದ. ನಾವು ಬಾಯಿಪಾಠ ಮಾಡುವ 1785ರ ನಿಯಮ ಬಂದದ್ದು ಆ ತಕ್ಕಡಿಯಿಂದ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ನನ್ನ ಉತ್ತರ ಇದ್ದದ್ದು ಮಾತ್ರ ರೋಷ್‌ಫೋರ್ಟ್ ಬಂದರಿನಲ್ಲಿ. 1779ರಲ್ಲಿ ಅಲ್ಲಿನ ಹಡಗುಕಟ್ಟೆಯಲ್ಲಿ ಕೂಲಂಬ್ ಮರದ ಮೇಲೆ ಮರ, ಮರದ ಮೇಲೆ ಲೋಹ ಇಟ್ಟು, ಭಾರ ಹೇರಿ, ಕೊಬ್ಬು ಸವರಿ ಎಳೆದು ನೋಡಿದ. ಸರಿಯುತ್ತಿರುವುದನ್ನು ಎಳೆಯುವುದಕ್ಕಿಂತ ನಿಂತದ್ದನ್ನು ಕದಲಿಸಲು ಹೆಚ್ಚು ಬಲ ಬೇಕು. ಮರವಂತೂ ಹೆಚ್ಚು ಹೊತ್ತು ನಿಂತಷ್ಟೂ ಹಟಮಾರಿ. ಸ್ಟೇಜಿನ ಕಷ್ಟವೂ ಇದೇ. ಕೆಲವು ನ್ಯಾನೋಮೀಟರ್ ಸರಿಸಲು ತಳ್ಳಿದರೆ ಮೊದಲು ಕದಲುವುದಿಲ್ಲ, ಆಮೇಲೆ ತಟ್ಟನೆ ಬಿಟ್ಟುಕೊಂಡು ಗುರಿ ದಾಟುತ್ತದೆ. ಎಣ್ಣೆಯಿಂದ ಈ ಜಿಗಿತ ಕಡಿಮೆಯಾದೀತು, ಪೂರ್ತಿ ಹೋಗದು. ಮುಟ್ಟದಂತೆ ತೇಲಿಸಿದರೆ ಸಣ್ಣ ತಳ್ಳಿಗೆ ಸಣ್ಣ ಚಲನೆ. ಆದರೆ ತೇಲುವುದಕ್ಕೂ ತನ್ನದೇ ರಗಳೆ ಉಂಟು: ಬರೀ ಶಾಶ್ವತ ಕಾಂತಗಳಿಂದ ವಸ್ತುವನ್ನು ಸ್ಥಿರವಾಗಿ ತೇಲಿಸಲಾಗದು ಎಂದು 1842ರಲ್ಲಿ ಅರ್ನ್‌ಶಾ ತೋರಿಸಿದ್ದ. ಅದಕ್ಕೇ ಸಂವೇದಕಗಳು ಅಂತರ ಅಳೆಯುತ್ತಾ, ಸುರುಳಿಗಳ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತಿದ್ದುತ್ತಲೇ ಇರಬೇಕು.

ಘರ್ಷಣೆಯ ಪ್ರಬಂಧಕ್ಕೆ 1781ರಲ್ಲಿ ದೊಡ್ಡ ಬಹುಮಾನ ಬಂತು, ಅಕಾಡೆಮಿಯ ಸದಸ್ಯತ್ವವೂ ಸಿಕ್ಕಿತು. ಊರೂರು ಅಲೆಯುವುದು ತಪ್ಪಿ, 45ರ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ನೆಲೆನಿಂತ. ಎರಡೇ ವರ್ಷಕ್ಕೆ, ಬ್ರಿಟನಿಯ ಕಾಲುವೆ ಯೋಜನೆಯನ್ನು ಒಪ್ಪದೆ ಮೇಲಿನವರ ಸಿಟ್ಟಿಗೆ ಗುರಿಯಾಗಿ ಒಂದು ವಾರ ಜೈಲಿನಲ್ಲಿದ್ದ.

ಪ್ಯಾರಿಸ್ ವೀಕ್ಷಣಾಲಯದಲ್ಲೂ ಆತನ ರೀತಿಯಲ್ಲೇ ಸೂಜಿ ನೇತುಹಾಕಿದರು. ಅದು ಎಷ್ಟು ಸೂಕ್ಷ್ಮವೆಂದರೆ ಸಣ್ಣ ಅಲುಗಾಟಕ್ಕೂ ಓಲಾಡುತ್ತಿತ್ತು. ತಡೆಯಲು ಘರ್ಷಣೆಯೇ ಇರಲಿಲ್ಲವಲ್ಲ! 1806ರಲ್ಲಿ ಕೂಲಂಬ್ ತೀರಿಕೊಂಡ. ತೇಲುವ ಸ್ಟೇಜನ್ನು ಓಲಾಡದಂತೆ ನಿಲ್ಲಿಸಲು ಎಂಜಿನಿಯರುಗಳು ಇವತ್ತಿಗೂ ಹೆಣಗುತ್ತಿದ್ದಾರೆ.