ಕಾಣದ ಬೆಳಕನ್ನು ಕಂಡವನು

ನಡುಹಗಲಿನ ಬಿಸಿಲಿನಲ್ಲಿ ಮರದ ಎಲೆಗಳು ಹಿಮ ಬಿದ್ದಂತೆ ಬೆಳ್ಳಗೆ, ನಿರ್ಮಲವಾದ ಆಕಾಶವು ಕಾಡಿಗೆಯಂತೆ ಕಪ್ಪಗೆ ತೋರುವ ಛಾಯಾಚಿತ್ರಗಳನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಎಲೆಗಳ ಈ ಬಿಳುಪಿಗೆ ವುಡ್ ಪರಿಣಾಮವೆಂದು ಹೆಸರು. ಇಂಗ್ಲಿಷಿನಲ್ಲಿ ಆ ಮಾತಿಗೆ ಕಟ್ಟಿಗೆಯೆಂಬ ಅರ್ಥವಿದೆಯಾದರೂ ಹೆಸರು ಬಂದದ್ದು ಮರದಿಂದಲ್ಲ. ರಾಬರ್ಟ್ ವಿಲಿಯಮ್ಸ್ ವುಡ್ ಎಂಬ ವಿಜ್ಞಾನಿಯಿಂದ.

ಆತನು ಹುಟ್ಟಿದ್ದು ೧೮೬೮ರಲ್ಲಿ, ಅಮೆರಿಕದ ಕಾಂಕರ್ಡ್ ಎಂಬ ಊರಿನಲ್ಲಿ. ಹಾರ್ವರ್ಡಿನಲ್ಲಿ ಓದಿ, ರಸಾಯನಶಾಸ್ತ್ರದ ಬೆನ್ನುಹತ್ತಿ ಬರ್ಲಿನ್ನಿಗೆ ಹೋದವನು ಅಲ್ಲಿ ಭೌತಶಾಸ್ತ್ರಕ್ಕೆ ಮನಸೋತನು. ೧೯೦೧ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿ, ಬಾಳಿನ ಬಹುಭಾಗವನ್ನು ಬೆಳಕಿನ ಅಧ್ಯಯನದಲ್ಲಿಯೇ ಕಳೆದನು. ಹಾಗೆಂದು ಶುಷ್ಕ ಪಂಡಿತನಲ್ಲ. ಹಕ್ಕಿಗಳಿಗೂ ಹೂಗಳಿಗೂ ಇರುವ ಹೋಲಿಕೆಯನ್ನು ಹಿಡಿದು ವಿನೋದದ ಪದ್ಯಗಳನ್ನು ಕಟ್ಟಿ, ಚಿತ್ರಗಳನ್ನೂ ತಾನೇ ಬರೆದು, ೧೯೦೭ರಲ್ಲಿ ಪುಸ್ತಕವಾಗಿ ಹೊರತಂದನು.

ಕೆಂಪಿನ ಆಚೆಗೂ ಕಿರಣಗಳಿವೆಯೆಂದು ೧೮೦೦ರಲ್ಲಿ ವಿಲಿಯಂ ಹರ್ಷೆಲನು ಉಷ್ಣಮಾಪಕದ ನೆರವಿನಿಂದ ಕಂಡುಹಿಡಿದಿದ್ದನು. ಆ ಅವಗೆಂಪು ಬೆಳಕಿನಲ್ಲಿ ಹೊಲಮರಗಳು ಹೇಗೆ ತೋರುತ್ತವೆಂಬುದನ್ನು ೧೯೧೦ರಲ್ಲಿ ಚಿತ್ರಗಳ ಮೂಲಕ ಜನರ ಮುಂದಿಟ್ಟವನು ವುಡ್. ಎಲೆಯ ಹಸಿರು ದ್ರವ್ಯವು ಈ ಬೆಳಕನ್ನು ಹೀರುವುದಿಲ್ಲ. ಒಳಗಿನ ಕೋಶಗಳು ಅದನ್ನು ಚದುರಿಸಿ ಹಿಂದಿರುಗಿಸುತ್ತವೆ. ಆದುದರಿಂದಲೇ ಆ ಬಿಳುಪು.

ಇದನ್ನು ಅಭ್ಯಾಸಮಾಡಲು ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಾಣೆ. ಮೂಡಲಗಿಯ ಕಬ್ಬಿನ ಗದ್ದೆಗಳು ಬೆಳ್ಳಗಾಗುತ್ತವೆ. ಹುಕ್ಕೇರಿಯ ಹಳೆಯ ಗುಮ್ಮಟಗಳು ಕಪ್ಪು ಬಾನಿನೆದುರು ಎದ್ದು ಕಾಣುತ್ತವೆ. ಹಿಡಕಲ್ ಜಲಾಶಯದ ನಿಂತ ನೀರು ಮಸಿಯಂತಾದರೆ, ಗೋಕಾಕದಲ್ಲಿ ೫೨ ಮೀಟರು ಧುಮುಕುವ ಘಟಪ್ರಭೆ ಬಿಳಿಯ ನೊರೆಯಾಗಿಯೇ ಉಳಿಯುತ್ತದೆ. ಹೊಸಬರು ಅವಗೆಂಪಿಗೆ ಸ್ಪಂದಿಸುವ ಫಿಲ್ಮನ್ನೂ, ೭೨೦ ನ್ಯಾನೋಮೀಟರಿನ ಫಿಲ್ಟರನ್ನೂ, ಗಟ್ಟಿಯಾದ ಮುಕ್ಕಾಲಿಯನ್ನೂ ಹೊಂದಿಸಿಕೊಳ್ಳಬೇಕು. ಫಿಲ್ಟರು ಹಾಕಿದ ಮೇಲೆ ಕಣ್ಣಿಗೆ ಬಹುಮಟ್ಟಿಗೆ ಕತ್ತಲೆಯೇ. ಆದಕಾರಣ ಮೊದಲೇ ಫೋಕಸ್ ಮಾಡಿ, ಹಳೆಯ ಲೆನ್ಸುಗಳ ಮೇಲಿನ ಕೆಂಪು ಗುರುತಿಗೆ ಅದನ್ನು ಸರಿಸಿಕೊಳ್ಳಬೇಕು. ಬೆಳಕಿನ ಮಾಪಕವನ್ನು ಪೂರ್ಣವಾಗಿ ನಂಬದೆ, ಒಂದೇ ದೃಶ್ಯವನ್ನು ಬೇರೆಬೇರೆ ಕಾಲಾವಧಿಗಳಲ್ಲಿ ಹಲವು ಸಲ ತೆಗೆಯಬೇಕು.

ಕಾಣದ ಬೆಳಕನ್ನು ಹೀಗೆ ತೋರಿಸಿದ ವುಡ್ ಮಹಾಶಯನು ಕಾಣದುದನ್ನೆಲ್ಲ ನಂಬುವವನಾಗಿರಲಿಲ್ಲ. ೧೯೦೩ರಲ್ಲಿ ಫ್ರಾನ್ಸಿನ ಬ್ಲಾಂಡ್ಲೋ ಎಂಬ ಹೆಸರಾಂತ ವಿದ್ವಾಂಸನು ಎನ್-ಕಿರಣಗಳೆಂಬ ಹೊಸ ಕಿರಣಗಳನ್ನು ಕಂಡೆನೆಂದು ಸಾರಿದ್ದನು. ಅನೇಕರು ತಾವೂ ಕಂಡೆವೆಂದರು. ಮರುವರ್ಷ ವುಡ್ ನಾನ್ಸಿ ನಗರದ ಆ ಪ್ರಯೋಗಶಾಲೆಗೆ ಹೋಗಿ, ಕತ್ತಲೆಯಲ್ಲಿ ಉಪಕರಣದ ಪಟ್ಟಕವನ್ನು ಸದ್ದಿಲ್ಲದೆ ತೆಗೆದುಬಿಟ್ಟನು. ಆದರೂ ಅಳತೆಗಳು ಮೊದಲಿನಂತೆಯೇ ಬರುತ್ತಿದ್ದವು! ಎನ್-ಕಿರಣಗಳ ಕಥೆ ಅಲ್ಲಿಗೆ ಮುಗಿಯಿತು. ಬ್ಲಾಂಡ್ಲೋ ವಂಚಕನಲ್ಲ; ಕಾಣಬೇಕೆಂದಿದ್ದುದನ್ನೇ ಕಂಡವನು. ಅದೇ ಹೆಚ್ಚು ಭಯಾನಕವೆಂದು ನನಗನಿಸುತ್ತದೆ.

೧೯೨೮ರಲ್ಲಿ ಕಲ್ಕತ್ತೆಯಿಂದ ಇನ್ನೊಂದು ಸುದ್ದಿ ಬಂದಿತು. ಚದುರಿದ ಬೆಳಕಿನಲ್ಲಿ ಹೊಸ ಬಣ್ಣದ ರೇಖೆಗಳನ್ನು ಕಂಡೆವೆಂದು ಸಿ. ವಿ. ರಾಮನ್ ಅವರು ಪ್ರಕಟಿಸಿದ್ದರು. ವುಡ್ ಇದನ್ನೂ ತನ್ನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದನು. ಈ ಬಾರಿ ರೇಖೆಗಳು ನಿಜವಾಗಿಯೂ ಇದ್ದವು. ಕೂಡಲೇ 'ನೇಚರ್' ಪತ್ರಿಕೆಗೆ ತಂತಿ ಕಳುಹಿಸಿ ಆ ಶೋಧವನ್ನು ಸಮರ್ಥಿಸಿದನು. ಎರಡು ವರ್ಷಗಳಲ್ಲಿ ರಾಮನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ವುಡ್ ತೀರಿಕೊಂಡದ್ದು ೧೯೫೫ರಲ್ಲಿ. ಒಬ್ಬನ ಕೀರ್ತಿಗೆ ಮಣಿಯದೆ, ಇನ್ನೊಬ್ಬನ ದೂರದೇಶವನ್ನು ಲೆಕ್ಕಿಸದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವನು ಆತ. ಅವನ ಚಿತ್ರಗಳಿಗಿಂತಲೂ ಆ ತಕ್ಕಡಿಯೇ ನನಗೆ ದೊಡ್ಡದಾಗಿ ತೋರುತ್ತದೆ.